ಪದೇ ಪದೇ ಬೆಲ್ಟ್ ಹೋಗುತ್ತಿದೆಯಾ? ಬ್ರಾಕೆಟ್ ನೋಡಿ

ಹೋದ ವರ್ಷ ಮಳೆಗಾಲದಲ್ಲಿ ತುಮಕೂರಿನ ಶಿರಾ ಗೇಟ್ ಹತ್ತಿರ ಇರುವ ನಮ್ಮ ಶೆಡ್ಡಿಗೆ ಒಂದು ಹಳೆ ಜಿಪ್ಸಿ ಬಂತು. ಒಳಗೆ ಇದ್ದದ್ದು ಬೇರೆ ಗಾಡಿಯ ಎಂಜಿನ್. ಬಂಪರ್ ಮೇಲೆ ನಾಲ್ಕು ದೊಡ್ಡ ಲೈಟು, ಮಧ್ಯೆ ಒಂದು ವಿಂಚು. ಅಷ್ಟಕ್ಕೂ ಕರೆಂಟ್ ಸಾಲುವುದಿಲ್ಲ ಅಂತ 90 ಆಂಪಿಯರ್ ಆಲ್ಟರ್ನೇಟರ್ (ಎಂಜಿನ್ ಬೆಲ್ಟಿನಿಂದ ತಿರುಗಿ ಕರೆಂಟ್ ಮಾಡುವ ಯಂತ್ರ) ಕೂರಿಸಲಾಗಿತ್ತು. ಮಾಲೀಕರು ಕುಣಿಗಲ್ ಕಡೆಯವರು. ಕೈಯಲ್ಲಿ ಹೊಸ ಬೆಲ್ಟ್ ಹಿಡಿದೇ ಇಳಿದರು.

"ಅಣ್ಣಾ, ಎರಡು ತಿಂಗಳಲ್ಲಿ ಇದು ಮೂರನೇದು. ಈ ಸಲ ಒಳ್ಳೇ ಕಂಪನಿದೇ ತಂದಿದೀನಿ. ಹಾಕ್ಕೊಟ್ಬಿಡಿ, ಸಾಕು."

ಹಾಕಿಕೊಟ್ಟು ಕಳಿಸಬಹುದಿತ್ತು. ಆದರೆ ಆ ಗಾಡಿಯ ಆಲ್ಟರ್ನೇಟರ್ ಬ್ರಾಕೆಟ್ ಮಾಡಿದ್ದು ನಾನೇ. ಆರು ತಿಂಗಳ ಹಿಂದೆ, 6 ಮಿ.ಮೀ. ಪ್ಲೇಟಿನಲ್ಲಿ, ಒಂದೇ ಮಧ್ಯಾಹ್ನದಲ್ಲಿ. ಈ ಬರಹದ ಅರ್ಧ ಭಾಗ ಆ ಮಧ್ಯಾಹ್ನದ ತಪ್ಪುಗಳ ಪಟ್ಟಿ ಅಂದುಕೊಳ್ಳಿ.

ನಮ್ಮ ಕಡೆ ಆಲ್ಟರ್ನೇಟರ್‌ಗೆ ಈಗಲೂ ಡೈನಮೋ ಅಂತಲೇ ಹೇಳುವವರು ಜಾಸ್ತಿ. ನೀವು ಏನಾದರೂ ಕರೆಯಿರಿ. ಕಂಪನಿ ಕೊಟ್ಟ ಜಾಗ ಬಿಟ್ಟು ಅದನ್ನು ಬೇರೆ ಕಡೆ ಕೂರಿಸಿದ ಮೇಲೆ ಬರುವ ತೊಂದರೆಗಳಲ್ಲಿ ಹೆಚ್ಚಿನವು ಬೆಲ್ಟಿನದೂ ಅಲ್ಲ, ಡೈನಮೋದೂ ಅಲ್ಲ. ಡೈನಮೋವನ್ನು ಎಂಜಿನ್ನಿಗೆ ಹಿಡಿದು ನಿಲ್ಲಿಸುವ ಕಬ್ಬಿಣದ ತುಂಡಿನದು, ಅಂದರೆ ಬ್ರಾಕೆಟ್ಟಿನದು. ಅದನ್ನು ಹುಡುಕುವ ಕ್ರಮ ಹೀಗೆ.

ಕೈ ಹಾಕುವ ಮುಂಚೆ

ಹೆಗಲ ಮೇಲಿನ ಟವೆಲ್ ಕೆಳಗಿಡಿ. ಸಡಿಲ ತೋಳಿನ ಅಂಗಿ ಇದ್ದರೆ ಮಡಚಿ. ಎಂಜಿನ್ ಓಡುವಾಗ ನೋಡುವ ಕೆಲಸ ಬೇರೆ, ಮುಟ್ಟುವ ಕೆಲಸ ಬೇರೆ. ಮುಟ್ಟುವುದಾದರೆ ಎಂಜಿನ್ ಆಫ್ ಮಾಡಿ, ಬ್ಯಾಟರಿಯ ಮೈನಸ್ ಬಿಚ್ಚಿ. ಓಡುತ್ತಿರುವಾಗ ಬ್ಯಾಟರಿ ವೈರ್ ಕಿತ್ತು "ಚಾರ್ಜ್ ಆಗ್ತಿದೆಯಾ ನೋಡೋಣ" ಅನ್ನುವ ಹಳೆ ಪರೀಕ್ಷೆ ಆಲ್ಟರ್ನೇಟರ್ ಬರುವ ಮುಂಚಿನ, ನಿಜವಾದ ಡೈನಮೋ ಕಾಲದ್ದು. ಆಲ್ಟರ್ನೇಟರ್ ಮೇಲೆ ಅದನ್ನು ಮಾಡಿದರೆ ವೋಲ್ಟೇಜ್ ಒಮ್ಮೆಲೇ ಜಿಗಿದು ಡಯೋಡ್, ರೆಗ್ಯುಲೇಟರ್ ಸುಡಬಹುದು. ಗಾಡಿಯ ಮೇಲೇ ಬ್ರಾಕೆಟ್‌ಗೆ ವೆಲ್ಡಿಂಗ್ ಹಿಡಿಯುವುದೂ ಅಷ್ಟೇ. ಬ್ಯಾಟರಿ ಬಿಚ್ಚಿ, ಆಲ್ಟರ್ನೇಟರ್ ವೈರ್ ಬಿಚ್ಚಿ, ಆಮೇಲೆ ಹಿಡಿಯಿರಿ. ಬ್ರಾಕೆಟ್ಟನ್ನೇ ಬಿಚ್ಚಿ ಮಾಡಿದರೆ ಇನ್ನೂ ಒಳ್ಳೆಯದು.

ಸದ್ದು ಏನು ಹೇಳುತ್ತದೆ

ಬೆಲ್ಟ್ ಸದ್ದಿನಲ್ಲಿ ಎರಡು ಜಾತಿ. ಗುಬ್ಬಚ್ಚಿ ಥರ ಚಿರ್ ಚಿರ್ ಅಂತ ತಾಳ ಹಾಕುವುದು ಒಂದು. ಲೈಟ್ ಹಾಕಿದಾಗ, ರೇಸ್ ಮಾಡಿದಾಗ ಕೀಂಯ್ ಅಂತ ಉದ್ದಕ್ಕೆ ಕಿರುಚುವುದು ಇನ್ನೊಂದು. ಎರಡನ್ನೂ ಕೇಳಿದ ತಕ್ಷಣ ಜನ ಮಾಡುವ ಕೆಲಸ ಒಂದೇ: ಬೆಲ್ಟ್ ಬಿಗಿ ಮಾಡುವುದು. ಇಲ್ಲವೇ ಸೋಪು ಉಜ್ಜುವುದು. ಸೋಪು ಹಚ್ಚಿದರೆ ಗಾಡಿ ಸುಮ್ಮನಾಗುತ್ತದೆ, ತೊಂದರೆ ಹಾಗೇ ಇರುತ್ತದೆ.

ಬಾಟಲಿಗೆ ನೀರು ತುಂಬಿ, ಮುಚ್ಚಳಕ್ಕೆ ಸಣ್ಣ ತೂತು ಮಾಡಿ. ಐಡಲ್‌ನಲ್ಲಿ ಓಡುವಾಗ ಬೆಲ್ಟಿನ ಒಳಮೈಗೆ, ಅಂದರೆ ರಿಬ್ (ಉದ್ದುದ್ದ ಏಣು) ಇರುವ ಕಡೆಗೆ, ಸ್ವಲ್ಪ ಚಿಮುಕಿಸಿ. ಚಿರ್ ಚಿರ್ ನಿಂತು, ನೀರು ಆರಿದ ಮೇಲೆ ವಾಪಸ್ ಬಂದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ. ನೀರು ಬಿದ್ದೊಡನೆ ಕಿರುಚಾಟ ಜಾಸ್ತಿಯಾದರೆ ಬೆಲ್ಟ್ ಜಾರುತ್ತಿದೆ: ಬಿಗಿ ಸಾಲದು, ಇಲ್ಲವೇ ಪುಲ್ಲಿಯನ್ನು ಬೆಲ್ಟ್ ಸಾಕಷ್ಟು ತಬ್ಬಿಕೊಂಡಿಲ್ಲ. ಎರಡೂ ಆಗದೆ ಸದ್ದು ಹಾಗೇ ಇದ್ದರೆ ಬೇರಿಂಗ್ ಕಡೆ ನೋಡಿ.

ಈ ತಬ್ಬಿಕೊಳ್ಳುವ ವಿಷಯ ಕಸ್ಟಮ್ ಬ್ರಾಕೆಟ್‌ನಲ್ಲಿ ಸುಲಭವಾಗಿ ಕೆಡುತ್ತದೆ. ಜಾಗ ಸಿಕ್ಕಲ್ಲಿ ಆಲ್ಟರ್ನೇಟರ್ ತೂಗಿಹಾಕುತ್ತೇವೆ, ಅಲ್ವಾ? ಬೆಲ್ಟ್ ಅದರ ಪುಟ್ಟ ಪುಲ್ಲಿಯನ್ನು ಸುಮ್ನೆ ಸವರಿಕೊಂಡು ಹೋಗುವ ಹಾಗಿದ್ದರೆ ಎಷ್ಟು ಬಿಗಿದರೂ ಜಾರುತ್ತದೆ. ಕಡಿಮೆ ಅಂದರೂ ಸುತ್ತಿನ ಮೂರನೇ ಒಂದು ಭಾಗ, ಅಂದರೆ 120 ಡಿಗ್ರಿ, ಬೆಲ್ಟ್ ಅಂಟಿರಬೇಕು. ಇಲ್ಲದಿದ್ದರೆ ಬೆಲ್ಟನ್ನು ಒತ್ತಿ ಬಳಸಿಕೊಂಡು ಹೋಗುವ ಹಾಗೆ ಮಾಡುವ ಒಂದು ಐಡ್ಲರ್ ಪುಲ್ಲಿ ಹಾಕಿ, ಇಲ್ಲವೇ ಜಾಗ ಬದಲಿಸಿ.

90 ಆಂಪಿಯರ್ ಅಂದರೆ ಎಂಜಿನ್ ಮೇಲೆ ಎಷ್ಟು ಹೊರೆ ಅಂತ ಒಂದು ಲೆಕ್ಕ ಹಾಕಿ ನೋಡಿ. 90 ಇಂಟು 14 ವೋಲ್ಟ್, 1260 ವ್ಯಾಟ್. ಆಲ್ಟರ್ನೇಟರ್ ಒಳಗೇ ಸುಮಾರು ಅರ್ಧ ಶಕ್ತಿ ಬಿಸಿಯಾಗಿ ಹೋಗುತ್ತದೆ. ಹಾಗಾಗಿ ಪೂರ್ತಿ ಲೋಡ್‌ನಲ್ಲಿ ಎಂಜಿನ್ನಿಂದ ಮೂರು ಎಚ್‌ಪಿ ಆಸುಪಾಸು ಎಳೆಯುತ್ತದೆ. ಅಷ್ಟನ್ನೂ ದಾಟಿಸುವುದು ಆ ಪುಟ್ಟ ಪುಲ್ಲಿಯ ಮೇಲಿನ ರಬ್ಬರ್ ಹಿಡಿತ. ಅಷ್ಟನ್ನೂ ತಡೆದು ನಿಲ್ಲುವುದು ನಿಮ್ಮ ಬ್ರಾಕೆಟ್.

ಪುಲ್ಲಿ ಸಾಲು

ಜಿಪ್ಸಿಯಲ್ಲಿ ನೀರು ಚಿಮುಕಿಸಿದ ಕೂಡಲೇ ಗುಬ್ಬಚ್ಚಿ ಸುಮ್ಮನಾಯಿತು. ಅರ್ಧ ನಿಮಿಷಕ್ಕೆ ಮತ್ತೆ ಶುರು. ಹಳೆ ಬೆಲ್ಟ್ ತಿರುಗಿಸಿ ನೋಡಿದರೆ ಎಂಜಿನ್ ಕಡೆಯ ಅಂಚು ಮಾತ್ರ ನಾರು ನಾರಾಗಿ ಎದ್ದಿತ್ತು. ಪುಲ್ಲಿಯ ಅದೇ ಬದಿಗೆ ಕಪ್ಪು ರಬ್ಬರ್ ಪುಡಿ ಮೆತ್ತಿತ್ತು. ಒಂದೇ ಅಂಚು ಸವೆದರೆ ಬೇರೆ ಸಾಕ್ಷಿ ಬೇಕಿಲ್ಲ, ಸಾಲು ತಪ್ಪಿದೆ.

ಇಲ್ಲಿ ಎಲ್ಲರೂ ಎಡವುವ ಒಂದು ಜಾಗ ಇದೆ. ಎಂಜಿನ್ ತಿರುಗಿಸುವ ಕ್ರ್ಯಾಂಕ್ ಪುಲ್ಲಿಯ ಮುಖಕ್ಕೆ ಸ್ಟೀಲ್ ಸ್ಕೇಲ್ ಇಟ್ಟು, ಅದು ಆಲ್ಟರ್ನೇಟರ್ ಪುಲ್ಲಿಯ ಮುಖಕ್ಕೂ ತಾಗಿದರೆ ಸಾಲು ಸರಿ ಅಂದುಬಿಡುತ್ತಾರೆ. ಎರಡೂ ಒಂದೇ ಗಾಡಿಯ ಪುಲ್ಲಿಯಾಗಿದ್ದರೂ ಇದು ಗ್ಯಾರಂಟಿ ಇಲ್ಲ. ಬೇರೆ ಬೇರೆ ಗಾಡಿಯದಾದರೆ ಕೇಳಲೇಬೇಡಿ. ಅಂಚಿನಿಂದ ಮೊದಲ ಗ್ರೂವ್‌ (ಬೆಲ್ಟ್ ಕೂರುವ ಸೀಳು) ವರೆಗೆ ಒಂದರಲ್ಲಿ ಎರಡು ಮಿ.ಮೀ. ಇರಬಹುದು, ಇನ್ನೊಂದರಲ್ಲಿ ನಾಲ್ಕು. ಸಾಲಿಗೆ ಬರಬೇಕಾದದ್ದು ಗ್ರೂವ್, ಅಂಚಲ್ಲ.

ನಾನು ಬಳಸುವುದು ಗಾರೆ ಮೇಸ್ತ್ರಿಗಳ ನೈಲಾನ್ ದಾರ. ಬೆಲ್ಟ್ ಬಿಚ್ಚಿ, ದಾರವನ್ನು ಎರಡೂ ಪುಲ್ಲಿಯ ಮೊದಲ ಗ್ರೂವ್‌ನಲ್ಲಿ ಕೂರಿಸಿ ಬಿಗಿಯಾಗಿ ಎಳೆದು ಕಟ್ಟಿ. ಮೇಲಿನಿಂದ ಒಂದೇ ಕಣ್ಣಲ್ಲಿ ನೋಡಿ. ದಾರ ಗ್ರೂವ್‌ನೊಳಗೆ ನೇರ ಹೋಗಬೇಕು. ಹೋಗುವಾಗ ಒಂದು ಗೋಡೆಗೆ ಒರಗಿದರೆ ಎಷ್ಟು ಒರಗಿದೆ ಅಂತ ಅಳೆಯಿರಿ. ಪಿಕೆ ಅಂತ ಬರೆದಿರುವ ರಿಬ್ ಬೆಲ್ಟ್‌ಗಳಲ್ಲಿ ಒಂದು ರಿಬ್‌ನಿಂದ ಇನ್ನೊಂದಕ್ಕೆ 3.56 ಮಿ.ಮೀ. ಅದೇ ನಿಮ್ಮ ಕಣ್ಣಿಗೆ ಸ್ಕೇಲ್. ಅರ್ಧ ರಿಬ್ ಆಚೆ ಇದೆ ಅಂದರೆ ಹತ್ತಿರ ಹತ್ತಿರ 1.8 ಮಿ.ಮೀ.

ಎಷ್ಟು ತಪ್ಪಿದರೆ ನಡೆಯುತ್ತದೆ? ರಿಬ್ ಬೆಲ್ಟಿಗೆ ಓರೆ ಒಂದು ಡಿಗ್ರಿಯ ಮೂರನೇ ಒಂದು ಭಾಗ ಮೀರಬಾರದು. ಪುಲ್ಲಿಯಿಂದ ಪುಲ್ಲಿಗೆ 250 ಮಿ.ಮೀ. ಇದ್ದರೆ ಅದು ಒಂದೂವರೆ ಮಿ.ಮೀ. ಹತ್ತಿರ. ಹಳೆ ವಿ ಬೆಲ್ಟ್ ಸ್ವಲ್ಪ ಉದಾರಿ, ಅರ್ಧ ಡಿಗ್ರಿ ತಡೆದುಕೊಳ್ಳುತ್ತದೆ. ಹಳೆ ಗಾಡಿಯಲ್ಲಿ ಕಣ್ಣಂದಾಜಿಗೆ ಮಾಡಿದ ಬ್ರಾಕೆಟ್ ನಡೆದುಹೋಗುತ್ತಿದ್ದದ್ದು, ಹೊಸ ಎಂಜಿನ್ನಿಗೆ ಮಾಡಿದ್ದು ಹಟ ಹಿಡಿಯುವುದು ಇದಕ್ಕೇ.

ಪುಲ್ಲಿ ಹಿಂದೆ ಮುಂದೆ ಇದ್ದರೆ ವಾಷರ್, ಶಿಮ್ (ತೆಳ್ಳನೆ ತಗಡಿನ ತುಂಡು) ಹಾಕಿ ಸರಿ ಮಾಡಬಹುದು. ಓರೆಯಾಗಿದ್ದರೆ ಶಿಮ್ ಕೆಲಸಕ್ಕೆ ಬರುವುದಿಲ್ಲ. ಬ್ರಾಕೆಟ್ಟೇ ಸೊಟ್ಟಗಿದೆ ಅಂತ ಅರ್ಥ. ನನ್ನದು ಸೊಟ್ಟಗಿತ್ತು. ತೂತು ಮೊದಲು ಕೊರೆದು ಆಮೇಲೆ ವೆಲ್ಡ್ ಮಾಡಿದ್ದೆ. ವೆಲ್ಡ್ ತಣ್ಣಗಾಗುವಾಗ ಪ್ಲೇಟನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಎಂಜಿನ್ನಿಗೇ ಬೋಲ್ಟ್ ಹಾಕಿ ಟ್ಯಾಕ್ (ಅಲ್ಲಲ್ಲಿ ಚುಕ್ಕಿ ವೆಲ್ಡ್) ಮಾಡಿ, ಬಿಚ್ಚಿ, ದಪ್ಪ ಪ್ಲೇಟಿಗೆ ಕ್ಲಾಂಪ್ ಮಾಡಿ ಪೂರ್ತಿ ವೆಲ್ಡ್ ಹಿಡಿದು, ತಣ್ಣಗಾದ ಮೇಲೆ ಕೊನೆಯ ತೂತು ಕೊರೆಯಬೇಕಿತ್ತು.

ನಿಂತಾಗ ನೇರ, ಬಿಗಿದಾಗ ಓರೆ

ಆದರೂ ಲೆಕ್ಕ ಹೊಂದಲಿಲ್ಲ. ದಾರ ಕಟ್ಟಿ ಅಳೆದರೆ ತಪ್ಪಿದ್ದು ಒಂದು ಮಿ.ಮೀ. ಚಿಲ್ಲರೆ. ಅಷ್ಟಕ್ಕೆ ಬೆಲ್ಟ್ ಹದಿನೈದು ಇಪ್ಪತ್ತು ದಿನಕ್ಕೆ ಹರಿಯಬಾರದು.

ನಮ್ಮ ಪಕ್ಕದ ಲೇತ್ ಶಾಪಿನ ಯಜಮಾನರು ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ದುಡಿದು ನಿವೃತ್ತರಾದವರು. ಗಡಿಯಾರದ ಚಕ್ರ ನೋಡಿ ಪಳಗಿದ ಕಣ್ಣು. ಬಂದರು, ಒಂದು ನಿಮಿಷ ನೋಡಿದರು. ಮಾತಾಡಲಿಲ್ಲ. ಒಳಗಿಂದ ಡಯಲ್ ಗೇಜ್ ತಂದು ಅದರ ಮ್ಯಾಗ್ನೆಟ್ ಸ್ಟ್ಯಾಂಡನ್ನು ಎಂಜಿನ್ ಬ್ಲಾಕಿಗೆ ಅಂಟಿಸಿ, ಮುಳ್ಳನ್ನು ಆಲ್ಟರ್ನೇಟರ್ ಮೈಗೆ ತಾಗಿಸಿದರು.

"ಈಗ ಬೆಲ್ಟ್ ಹಾಕಿ ಬಿಗಿ ಮಾಡಪ್ಪ."

ಮಾಡಿದೆ. ಮುಳ್ಳು ತಿರುಗುತ್ತಾ ಹೋಯಿತು. ಒಂದು ಸುತ್ತು ದಾಟಿ, ಎರಡನೇ ಸುತ್ತಿನ ಅರ್ಧಕ್ಕೆ ನಿಂತಿತು. ಒಂದು ಸುತ್ತು ಅಂದರೆ ಒಂದು ಮಿ.ಮೀ.

"ಬ್ರಾಕೆಟ್ ಅಲ್ಲ ಕಣಪ್ಪ, ಹಪ್ಪಳ ಮಾಡಿದೀಯ."

ಬೆಲ್ಟ್ ಸಡಿಲ ಇದ್ದಾಗ ಒಂದು ಮಿ.ಮೀ. ತಪ್ಪಿದ್ದ ಪುಲ್ಲಿ, ಬಿಗಿ ಮಾಡಿದಾಗ ಇನ್ನೂ ಒಂದೂವರೆ ವಾಲುತ್ತಿತ್ತು. ಕಾರಣ ಸರಳ. ಬೆಲ್ಟ್ ಎಳೆಯುವುದು ಮುಂದೆ, ಪುಲ್ಲಿ ಇರುವ ಕಡೆ. ನಾನು ಬೋಲ್ಟ್ ಹಾಕಿದ್ದು ಹಿಂದೆ, ಎಂಜಿನ್ ಕಡೆ. ನಡುವೆ ಚಾಚಿಕೊಂಡಿದ್ದ ಚಪ್ಪಟೆ ಪ್ಲೇಟ್ ಬಗ್ಗದೆ ಏನು ಮಾಡೀತು?

ಹಾಗಾಗಿ ಈಗ ನಾನು ಸಾಲನ್ನು ಎರಡು ಸಲ ನೋಡುತ್ತೇನೆ. ಬೆಲ್ಟ್ ಸಡಿಲ ಇದ್ದಾಗ ಒಮ್ಮೆ, ಓಡಿಸುವಷ್ಟು ಬಿಗಿ ಮಾಡಿ ಇನ್ನೊಮ್ಮೆ. ಬಿಗಿ ಮಾಡಿದ ಮೇಲೆ ದಾರ ಕಟ್ಟಲು ಆಗುವುದಿಲ್ಲ, ಆಗ ಡಯಲ್ ಗೇಜ್. ಅದು ಇಲ್ಲದಿದ್ದರೆ ಎಂಜಿನ್ನಿಗೆ ಒಂದು ಗಟ್ಟಿ ಕಂಬಿ ಕಟ್ಟಿ, ತುದಿಯನ್ನು ಆಲ್ಟರ್ನೇಟರ್ ಹತ್ತಿರ ನಿಲ್ಲಿಸಿ, ನಡುವಿನ ಸಂದನ್ನು ಫೀಲರ್ ಗೇಜಿನಲ್ಲಿ (ಅಳತೆ ಬರೆದ ತೆಳು ಪಟ್ಟಿಗಳು) ಬಿಗಿ ಮಾಡುವ ಮುಂಚೆ, ಆಮೇಲೆ ಅಳೆಯಿರಿ. ಅರ್ಧ ಮಿ.ಮೀ.ಗಿಂತ ಜಾಸ್ತಿ ಅಲುಗಿದರೆ ನಾನು ಆ ಬ್ರಾಕೆಟ್ ಒಪ್ಪುವುದಿಲ್ಲ.

ಗಟ್ಟಿ ಮಾಡುವುದು ಹೇಗೆ? ದಪ್ಪ ಪ್ಲೇಟ್ ಒಂದು ದಾರಿ. ಬಗ್ಗುವ ವಿಷಯದಲ್ಲಿ ದಪ್ಪದ ಲೆಕ್ಕ ಘನದಲ್ಲಿ ಏರುತ್ತದೆ. 6 ಮಿ.ಮೀ. ಬದಲು 8 ಹಾಕಿದರೆ ಸುಮಾರು 2.4 ಪಟ್ಟು ಗಟ್ಟಿ. 10 ಹಾಕಿದರೆ 4.6 ಪಟ್ಟು. ಚಾಚು ಕಡಿಮೆ ಮಾಡಿದರೂ ಅದೇ ಲೆಕ್ಕ: ಉದ್ದ ಅರ್ಧ ಆದರೆ ಎಂಟು ಪಟ್ಟು ಗಟ್ಟಿ. ಆದರೆ ಕಡಿಮೆ ತೂಕದಲ್ಲಿ ಜಾಸ್ತಿ ಲಾಭ ಕೊಡುವುದು ಮೂಲೆಗೆ ಇಡುವ ತ್ರಿಕೋನ ಗಸೆಟ್. ಅದಕ್ಕಿಂತ ಒಳ್ಳೆಯದು ಆಲ್ಟರ್ನೇಟರ್‌ನ ಬೋಲ್ಟ್ ತೂತಿರುವ ಕಿವಿಯನ್ನು ಎರಡೂ ಕಡೆಯಿಂದ ಹಿಡಿಯುವ ಎರಡು ಪ್ಲೇಟು. ಒಂದೇ ಕಡೆ ಹಿಡಿದ ಬೋಲ್ಟ್ ಗೋಡೆಗೆ ಹೊಡೆದ ಮೊಳೆಯ ಹಾಗೆ, ಭಾರಕ್ಕೆ ವಾಲುತ್ತದೆ.

ಒಂದು ನಿರ್ದಿಷ್ಟ ಸ್ಪೀಡಿನಲ್ಲಿ ಮಾತ್ರ ಗುಡುಗಿ, ಅದು ದಾಟಿದರೆ ಸುಮ್ಮನಾಗುವ ಗಾಡಿಗಳದ್ದೂ ಇದೇ ರೋಗ. ನಾಲ್ಕು ಸಿಲಿಂಡರ್ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಒದೆಯುತ್ತದೆ. 3000 ಆರ್‌ಪಿಎಂನಲ್ಲಿ ಸೆಕೆಂಡಿಗೆ 100 ಒದೆತ. ಬ್ರಾಕೆಟ್ಟಿನ ಸ್ವಂತ ನಡುಕ ಅದೇ ನೂರರ ಹತ್ತಿರ ಇದ್ದರೆ ಎರಡೂ ಸೇರಿ ಕುಣಿಯುತ್ತವೆ. ಇದಕ್ಕೆ ರಬ್ಬರ್ ವಾಷರ್ ಹಾಕಬೇಡಿ. ರಬ್ಬರ್ ಹಾಕಿದರೆ ಸಾಲೂ ಹೋಗುತ್ತದೆ, ಅರ್ಥೂ (ಬ್ಯಾಟರಿ ಮೈನಸ್‌ಗೆ ಕರೆಂಟ್ ಹೋಗುವ ದಾರಿ) ಹೋಗುತ್ತದೆ. ಗಟ್ಟಿ ಮಾಡಿ, ಸಾಕು.

ಬಿರುಕು ಮತ್ತು ಮುರಿದ ಕಿವಿ

ಬ್ರಾಕೆಟ್ ಬಿಚ್ಚಿದಾಗ ಬೋಲ್ಟ್ ತೂತಿನ ಸುತ್ತ ಕೆಂಪು ಕಂದು ಪುಡಿ ಕಂಡರೆ ಅದು ಬರೀ ತುಕ್ಕಲ್ಲ. ಎರಡು ಕಬ್ಬಿಣ ಒಂದರ ಮೇಲೊಂದು ಉಜ್ಜಿ ಬಂದ ಪುಡಿ. ಬೋಲ್ಟ್ ಸಡಿಲ ಇತ್ತು ಅಂತ ಅರ್ಥ.

ಬಿರುಕು ಹುಡುಕಲು ಹಳೆ ಉಪಾಯ ಇದೆ. ಬ್ರಾಕೆಟ್ ಚೆನ್ನಾಗಿ ತೊಳೆದು ಒಣಗಿಸಿ. ಸೀಮೆಎಣ್ಣೆ ಸವರಿ ಹತ್ತು ನಿಮಿಷ ಬಿಡಿ. ಈಗ ಸೀಮೆಎಣ್ಣೆ ಎಲ್ಲಿ ಸಿಗುತ್ತದೆ ಅಂದರೆ ಡೀಸೆಲ್ ಆಗುತ್ತದೆ. ಬಟ್ಟೆಯಲ್ಲಿ ಪೂರ್ತಿ ಒರೆಸಿ ಸೀಮೆಸುಣ್ಣದ ಪುಡಿ ತೆಳ್ಳಗೆ ಹಚ್ಚಿ. ಬಿರುಕಿನೊಳಗೆ ಇಳಿದ ಎಣ್ಣೆ ಹೊರಗೆ ಬಂದು ಬಿಳಿ ಮೇಲೆ ಕೂದಲೆಳೆಯಂಥ ಗೆರೆ ಮೂಡಿಸುತ್ತದೆ. ನನ್ನ ಬ್ರಾಕೆಟ್ಟಿನಲ್ಲಿ ವೆಲ್ಡಿನ ಕಾಲಬುಡದಲ್ಲೇ ಮೂಡಿತು, ಹೆಬ್ಬೆರಳಿನ ಉಗುರಿನಷ್ಟು ಉದ್ದ. ಅದರ ಮೇಲೆ ಇನ್ನೊಂದು ವೆಲ್ಡ್ ಹೊಡೆದು ಕಳಿಸುವವರಿದ್ದಾರೆ. ಬಗ್ಗುವುದು ನಿಲ್ಲದೆ ಬಿರುಕು ನಿಲ್ಲುವುದಿಲ್ಲ. ಪಕ್ಕದಲ್ಲಿ ಮತ್ತೊಂದು ಬರುತ್ತದೆ.

ಬ್ರಾಕೆಟ್ ಗಟ್ಟಿ ಇದ್ದು ಆಲ್ಟರ್ನೇಟರ್‌ನ ಅಲ್ಯೂಮಿನಿಯಂ ಕಿವಿ ಮುರಿದಿದ್ದರೆ ಕಾರಣ ಬೇರೆ. ಕಿವಿಗೂ ಬ್ರಾಕೆಟ್‌ಗೂ ನಡುವೆ ಸಂದು ಬಿಟ್ಟು ಬೋಲ್ಟ್ ಬಿಗಿದಿರುತ್ತಾರೆ. ಬೋಲ್ಟ್ ಆ ಸಂದನ್ನು ಮುಚ್ಚಲು ಕಿವಿಯನ್ನೇ ಬಗ್ಗಿಸುತ್ತದೆ. ಅಲ್ಯೂಮಿನಿಯಂ ಎಷ್ಟು ದಿನ ತಡೆದೀತು? ಬಹಳಷ್ಟು ಆಲ್ಟರ್ನೇಟರ್‌ಗಳ ಹಿಂದಿನ ಕಿವಿಯಲ್ಲಿ ಉಕ್ಕಿನ ಬುಷ್ ಒಂದು ಇರುತ್ತದೆ. ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದರೆ ಹಿಂದಕ್ಕೆ ಸರಿಯುತ್ತದೆ. ಸಣ್ಣ ಸಂದನ್ನು ತುಂಬಿಕೊಳ್ಳಲಿ ಅಂತಲೇ ಅದನ್ನು ಇಟ್ಟಿರುವುದು. ಕೂರಿಸುವ ಮುಂಚೆ ಅದನ್ನು ಹಿಂದೆ ತಟ್ಟಿಡಿ, ಬೋಲ್ಟ್ ಬಿಗಿದಾಗ ತಾನೇ ಮುಂದೆ ಬರುತ್ತದೆ. ಬುಷ್ ಇಲ್ಲದಿದ್ದರೆ ಸಂದಿಗೆ ಸರಿಯಾದ ಶಿಮ್ ಹಾಕಿ.

ಬೋಲ್ಟ್ ವಿಷಯದಲ್ಲಿ ಇನ್ನೊಂದು ಮಾತು. 6 ಮಿ.ಮೀ. ಪ್ಲೇಟ್ ತೆಗೆದು 10 ಹಾಕಿದಿರಿ, ಬೋಲ್ಟ್ ಹಳೆಯದೇ ಇಟ್ಟಿರಿ. ಈಗ ನಾಲ್ಕು ಮಿ.ಮೀ. ಥ್ರೆಡ್ ಕಡಿಮೆ ಹಿಡಿದಿದೆ. ಅಲ್ಯೂಮಿನಿಯಂ ಬ್ಲಾಕ್ ಆದರೆ ಎಂಟು ಎಂ.ಎಂ. ಬೋಲ್ಟ್ 12ರಿಂದ 16 ಮಿ.ಮೀ. ಒಳಗೆ ಹೋಗಿರಬೇಕು. ಹಾಗಂತ ಉದ್ದದ ಬೋಲ್ಟ್ ಹಾಕಿದರೆ ಕುರುಡು ತೂತಿನ (ಆಚೆ ಬದಿ ಮುಚ್ಚಿರುವುದು) ತಳಕ್ಕೆ ಮುಟ್ಟಿ, ಸ್ಪ್ಯಾನರಿಗೆ ಬಿಗಿಯಾದ ಹಾಗೆ ಕಂಡು, ಪ್ಲೇಟನ್ನು ಹಿಡಿದೇ ಇರುವುದಿಲ್ಲ. ತೂತಿನ ಆಳ ಕಡ್ಡಿ ಹಾಕಿ ಅಳೆಯಿರಿ. 8.8 ಗ್ರೇಡಿನ ಎಂಟರ ಬೋಲ್ಟಿಗೆ ಸುಮಾರು 25 ನ್ಯೂಟನ್ ಮೀಟರ್, ಹತ್ತರ ಬೋಲ್ಟಿಗೆ 45ರಿಂದ 50. ಇದು ಉಕ್ಕಿನ ಥ್ರೆಡ್ಡಿನ ಲೆಕ್ಕ. ಅಲ್ಯೂಮಿನಿಯಂ ಬ್ಲಾಕ್ ಆದರೆ ಆ ಎಂಜಿನ್ನಿನ ಪುಸ್ತಕದಲ್ಲಿ ಕೊಟ್ಟಷ್ಟೇ ಬಿಗಿಯಿರಿ.

ಬೆಲ್ಟ್ ಸರಿ, ಚಾರ್ಜ್ ಇಲ್ಲ

ಇದು ಚೆಂದದ ಬ್ರಾಕೆಟ್ ಮಾಡಿಸಿದವರ ತೊಂದರೆ. ಪೌಡರ್ ಕೋಟಿಂಗ್ ಮಾಡಿಸಿ, ಫಳಫಳ ಹೊಳೆಯುವ ಬ್ರಾಕೆಟ್ ಹಾಕಿರುತ್ತಾರೆ. ಆಲ್ಟರ್ನೇಟರ್‌ಗೆ ಮೈನಸ್ ವೈರ್ ಬೇರೆ ಇರುವುದಿಲ್ಲ. ಅದರ ಮೈಯೇ ಮೈನಸ್, ಬ್ರಾಕೆಟ್ಟೇ ವೈರ್. ನಡುವೆ ಪೇಂಟ್ ಬಂದರೆ ಕರೆಂಟಿಗೆ ದಾರಿ ಬೋಲ್ಟಿನ ಥ್ರೆಡ್ ಒಂದೇ.

ಪರೀಕ್ಷೆ ಸುಲಭ. ಎಂಜಿನ್ 1500 ಆರ್‌ಪಿಎಂ ಮೇಲೆ ಇರಲಿ, ಹೆಡ್‌ಲೈಟ್, ಬ್ಲೋಯರ್ ಎಲ್ಲ ಹಾಕಿ. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ಆಲ್ಟರ್ನೇಟರ್‌ನ ಬರಿಯ ಲೋಹಕ್ಕೆ. 0.2 ವೋಲ್ಟ್ ಒಳಗೆ ಇರಬೇಕು. ಒಂದು ಗಾಡಿಯಲ್ಲಿ ನಾನು 0.7 ನೋಡಿದ್ದೇನೆ. ಆಲ್ಟರ್ನೇಟರ್ ಹತ್ತಿರ 14.2, ಬ್ಯಾಟರಿ ಹತ್ತಿರ 13.3. ಪಾಪ, ಅವರು ಆ ವೇಳೆಗೆ ಬ್ಯಾಟರಿ ಬದಲಿಸಿಯಾಗಿತ್ತು. ಕೂರುವ ಮುಖದ ಪೇಂಟ್ ಅರ ಹಾಕಿ ಉಜ್ಜಿ ತೆಗೆಯಿರಿ. ಇಲ್ಲವೇ ಆಲ್ಟರ್ನೇಟರ್ ಮೈಯಿಂದ ಬ್ಯಾಟರಿ ಮೈನಸ್‌ಗೆ 16 ಚದರ ಮಿ.ಮೀ. ಕೇಬಲ್ ಒಂದು ಎಳೆಯಿರಿ. ನಾನು ಎರಡೂ ಮಾಡುತ್ತೇನೆ. ಎಂಜಿನ್ನಿನ ಅರ್ಥೂ ಸರಿ ಇಲ್ಲದಿದ್ದರೆ ಕರೆಂಟ್ ಆಕ್ಸಿಲರೇಟರ್ ಕೇಬಲ್ ಮೂಲಕ ಹೋಗಿ ಅದನ್ನೇ ಸುಡುವುದುಂಟು.

ಅರ್ಥ್ ಸರಿ ಇದ್ದೂ ಬಿಸಿಲಲ್ಲಿ ಮಾತ್ರ ಚಾರ್ಜ್ ಕಡಿಮೆಯಾದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಪಕ್ಕದಲ್ಲಿ ಕೂರಿಸಿದ್ದೀರಾ ನೋಡಿ. ಬಿಸಿಯಾದ ಆಲ್ಟರ್ನೇಟರ್ ಕಡಿಮೆ ಕರೆಂಟ್ ಕೊಡುತ್ತದೆ. ನಡುವೆ ಒಂದು ತಗಡು ಅಡ್ಡ ಇಡಿ.

ಡೀಸೆಲ್ ಗಾಡಿಯವರು ಇದನ್ನು ಬಿಡಬೇಡಿ

ಕೆಲವು ಡೀಸೆಲ್ ಗಾಡಿಗಳಲ್ಲಿ ಆಲ್ಟರ್ನೇಟರ್ ಬೆನ್ನಿಗೇ ವ್ಯಾಕ್ಯೂಮ್ ಪಂಪ್ ಇರುತ್ತದೆ. ಬ್ರೇಕ್ ಬೂಸ್ಟರ್‌ಗೆ ವ್ಯಾಕ್ಯೂಮ್ ಕೊಡುವುದು ಅದೇ. ಅದನ್ನು ತೆಗೆದು ಪೆಟ್ರೋಲ್ ಗಾಡಿಯ ಆಲ್ಟರ್ನೇಟರ್ ಹಾಕಿದರೆ ಚಾರ್ಜ್ ಭರ್ಜರಿ ಆಗುತ್ತದೆ, ಬ್ರೇಕ್ ಪೆಡಲ್ ಕಲ್ಲಾಗುತ್ತದೆ. ಪಂಪ್ ಉಳಿಸಿಕೊಂಡು ಜಾಗ ಮಾತ್ರ ಬದಲಿಸಿದರೂ ಎಚ್ಚರ ಇರಲಿ. ಪಂಪಿಗೆ ಎಂಜಿನ್ ಆಯಿಲ್ ಬರುತ್ತದೆ, ತನ್ನ ಪಾಡಿಗೆ ಇಳಿದು ಎಂಜಿನ್ ತಳದ ಆಯಿಲ್ ಸಂಪ್‌ಗೆ ವಾಪಸ್ ಹೋಗುತ್ತದೆ. ಆ ವಾಪಸ್ ಪೈಪ್ ಎಲ್ಲೂ ಮೇಲಕ್ಕೆ ಏರಬಾರದು. ಏರಿದರೆ ಆಯಿಲ್ ಪಂಪಿನಲ್ಲೇ ತುಂಬಿಕೊಳ್ಳುತ್ತದೆ.

ಜಿಪ್ಸಿಗೆ ಮಾಡಿದ್ದು

ಅಂತರಸನಹಳ್ಳಿ ಕಡೆ ಲೇಸರ್ ಕಟಿಂಗ್ ಮಾಡಿಸಿದ 10 ಮಿ.ಮೀ. ಎಂಎಸ್ (ಮೈಲ್ಡ್ ಸ್ಟೀಲ್) ಪ್ಲೇಟ್ ಎರಡು. ಅದಕ್ಕೂ ಮುಂಚೆ ರಟ್ಟಿನಲ್ಲಿ ಕತ್ತರಿಸಿ ಮೂರು ಸಲ ಕೂರಿಸಿ ನೋಡಿದೆ. ಚಾಚು 90 ಮಿ.ಮೀ.ನಿಂದ 55ಕ್ಕೆ ಇಳಿಯಿತು. ಎರಡು ಗಸೆಟ್. ಬಿಗಿ ಮಾಡುವ ಸೀಳುಪಟ್ಟಿಯನ್ನು ಹಿಂದಿನಿಂದ ತೆಗೆದು ಪುಲ್ಲಿ ಕಡೆಗೆ ತಂದೆ. ಯಜಮಾನರು ಮತ್ತೆ ಡಯಲ್ ಗೇಜ್ ಹಿಡಿದು ಬಂದರು. ಬಿಗಿ ಮಾಡಿದಾಗ ಮುಳ್ಳು ಹದಿನೈದು ಗೆರೆ ಸರಿದು ನಿಂತಿತು. 0.15. "ಹೂಂ" ಅಂದರು, ಅಷ್ಟೇ.

ಪರೀಕ್ಷೆಗೆ ದೇವರಾಯನದುರ್ಗ. ಎರಡನೇ ಗೇರಿನಲ್ಲಿ ಎಲ್ಲ ಲೈಟ್ ಹಾಕಿಕೊಂಡು ಬೆಟ್ಟ ಹತ್ತಿದರೆ ಎಂಜಿನ್, ಬೆಲ್ಟ್, ಬ್ರಾಕೆಟ್ ಮೂರಕ್ಕೂ ಒಟ್ಟಿಗೆ ಪರೀಕ್ಷೆ. ಮೇಲೆ ನಿಲ್ಲಿಸಿ ಬಾನೆಟ್ ಎತ್ತಿದೆ. ಕೋತಿಗಳಿವೆ, ಟೂಲ್ ಬಾಕ್ಸ್ ಮುಚ್ಚಿಡಿ. ಬೆಲ್ಟ್ ಗ್ರೂವ್ ಬಿಟ್ಟು ಕದಲಿರಲಿಲ್ಲ. ಬೋಲ್ಟಿಗೆ ಬಿಳಿ ಪೇಂಟಿನಲ್ಲಿ ಎಳೆದಿದ್ದ ಗೆರೆಗಳು ಎಳೆದಲ್ಲೇ ಇದ್ದವು. ಈ ಗೆರೆ ಎಳೆಯುವ ಅಭ್ಯಾಸ ಮಾಡಿಕೊಳ್ಳಿ. 500 ಕಿ.ಮೀ. ಆದ ಮೇಲೆ ಬೋಲ್ಟ್ ಸಡಿಲ ಆಗಿದೆಯಾ ಅಂತ ನೋಡಲು ಸ್ಪ್ಯಾನರ್ ಬೇಡ, ಟಾರ್ಚ್ ಸಾಕು.

ಚಿರ್ ಚಿರ್ ಹೋಗಿತ್ತು. ಇಳಿಯುವಾಗ ಮಾತ್ರ ಸಣ್ಣಗೆ ಗುಂಯ್ ಅನ್ನುವುದು ಕೇಳಿಸಿತು. ಶೆಡ್ಡಿಗೆ ಬಂದು ಬೆಲ್ಟ್ ಬಿಚ್ಚಿ ಆಲ್ಟರ್ನೇಟರ್ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿದೆ. ಮರಳು ಬಿದ್ದ ಹಾಗೆ ಒರಟು. ಆರು ತಿಂಗಳು ಓರೆಯಾಗಿ ಎಳೆಸಿಕೊಂಡು ಮುಂದಿನ ಬೇರಿಂಗ್ ಹೋಗಿತ್ತು. 6303 ನಂಬರಿನದು, ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ. ಮಾರನೇ ದಿನ ಹಾಕಿದೆ. ಕುಣಿಗಲ್‌ನವರು ಬೇರಿಂಗಿನ ದುಡ್ಡು ಎಣಿಸಿ ಕೊಡಲು ಬಂದರು. ಹಾಳು ಮಾಡಿದ್ದು ನನ್ನ ಬ್ರಾಕೆಟ್ಟೇ ಆದ್ದರಿಂದ ತೆಗೆದುಕೊಳ್ಳಲಿಲ್ಲ.